ಖಣಿಯ ನೀಲಿ ನೀರು

“ಆ ಫೋಟೋ ಪರದೆ ಮ್ಯಾಲಿಂದ ತಗೀರಿ ಮೇಡಂ,” ಎನ್ನುತ್ತ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿ ಸುಜಾತಾ ಎದ್ದು ನಿಂತಳು.

ಶಹಾಬಾದಿನ ನಮ್ಮ ಕಾಲೇಜಿನಲ್ಲಿ ಅಂದು ಪರಿಸರ ದಿನಾಚರಣೆ. ಕಲ್ಲು ತೆಗೆದು ಬಿಟ್ಟುಹೋದ ಖಣಿಯಲ್ಲಿ ಮಳೆನೀರು ಕಡುನೀಲಿಯಾಗಿ ತುಂಬಿ ನಿಂತ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ನೀರು ಉಳಿಸಲು ಇದಕ್ಕಿಂತ ಚೆಂದದ ಮಾದರಿ ಬೇಕೇ ಎಂದು ನಾನು ಕೇಳಿದ್ದೆ.

“ನಮ್ಮಣ್ಣ ಈಜಾಕಂತ ಇದೇ ಖಣ್ಯಾಗ ಇಳದಾಂವ ಮ್ಯಾಲ ಬರ್ಲಿಲ್ರಿ. ಸುತ್ತ ಗ್ವಾಡಿ ಹಂಗ ಕೊರದಾರ. ಹತ್ತಾಕ ಕಾಲಿಡೂ ಜಾಗಾನೇ ಇಲ್ರಿ.”

ಪ್ರೊಜೆಕ್ಟರ್ ಆರಿಸಿ ತಲೆ ತಗ್ಗಿಸಿದೆ. ಕಾಲಡಿಯ ನೆಲವೂ ಅಂಥದೇ ಖಣಿಯ ಕಲ್ಲು.

ನಮ್ಮ ಮನೆಯ ನೆಲಕ್ಕೂ ಅದೇ ಶಹಾಬಾದ್ ಕಲ್ಲು. ಒರೆಸಿದಾಗ ಒದ್ದೆಯಾಗಿ ಕಡುನೀಲಿಗೆ ತಿರುಗುತ್ತದೆ. ಮೊದಲೆಲ್ಲ ಅದನ್ನು ನೋಡುತ್ತ ನಿಲ್ಲುತ್ತಿದ್ದೆ. ಈಗ ಒಣಗುವ ತನಕ ಆ ಕೋಣೆಗೆ ಕಾಲಿಡುವುದಿಲ್ಲ.