ಎಡಗಣ್ಣಿನ ಉಂಗುರ

ಅಂಕಲ್ ಕಣ್ಣಿನ ಸುತ್ತ ಸದಾ ಒಂದು ಗುಂಡನೆಯ ಗುರುತು ಇರುತ್ತಿತ್ತು. ಒಡವೆ ರಿಪೇರಿ ಮಾಡುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕಪ್ಪು ಭೂತಗನ್ನಡಿ ಒತ್ತಿದ ಗುರುತು. ಸಂಜೆ ಹೌಗಾಂಗ್‌ನ ನಮ್ಮ ವಸತಿ ಬ್ಲಾಕಿನ ಲಿಫ್ಟಿನಲ್ಲಿ ಸಿಕ್ಕರೆ, ಯಾರೋ ಮುಖದ ಮೇಲೆ ಕಾಫಿ ಲೋಟ ಇಟ್ಟು ತೆಗೆದ ಹಾಗೆ ಕಾಣುತ್ತಿದ್ದರು.

ನನ್ನಂತೆ ದೇಶ ಬಿಟ್ಟು ಬಂದ ಮೈಸೂರಿನವರು, ನಮ್ಮ ಕೆಳಗಿನ ಮಹಡಿ. ನಾನು ಸೆಲೆಟಾರ್‌ನಲ್ಲಿ ವಿಮಾನ ರಿಪೇರಿಯ ಎಂಜಿನಿಯರ್. ಬಿಡುವಿನಲ್ಲಿ ಎಲ್ಲರ ನಕಲು ಮಾಡಿ ಬೈಸಿಕೊಳ್ಳುವವನು. ನನ್ನ ನಡಿಗೆಯನ್ನೂ ಬಿಟ್ಟಿಲ್ಲ. ಬಾತುಕೋಳಿಗೆ ಬೂಟು ಹಾಕಿದ ಹಾಗೆ ಮಾಡಿದರೆ ಸಾಕು, ನಾನೇ.

ಶನಿವಾರ ಅವರು ಕೆಲಸ ಮಾಡುತ್ತಿದ್ದ ಒಡವೆ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಎಸಿ ಪುಕ್ಕಟೆ. ಅಂಗಡಿ ಒಬ್ಬ ಚೀನೀ ಹೆಂಗಸಿನದು. ಎಲ್ಲರಿಗೂ ಆಕೆ ಮೇಡಂ. ಹಳೆಯ ಫ್ರೆಂಚ್ ಒಡವೆ ಎಂದರೆ ಆಕೆಗೆ ಹುಚ್ಚು. ಅದರಲ್ಲೂ ನೂರು ವರ್ಷದ ಹಿಂದೆ ಅಲ್ಲಿಯವರು ಚೀನಾದ ಕಲೆಗೆ ಮರುಳಾಗಿ ಮಾಡಿದ್ದವು: ಕಪ್ಪು ಎನಾಮೆಲ್ ಮೇಲೆ ಹವಳದ ಗೋಪುರ, ಜೇಡ್ ಕಲ್ಲಿನ ಮೋಡ, ನಡುವೆ ವಜ್ರದ ಹನಿ. ಎನಾಮೆಲ್ ಎಂದರೆ ಗಾಜಿನ ಪುಡಿಯನ್ನು ಲೋಹದ ಮೇಲೆ ಕರಗಿಸಿದ ಬಣ್ಣ. ಅದು ಚಕ್ಕೆ ಎದ್ದರೆ ಸರಿಮಾಡುವ ಕೈ ಅಂಕಲ್‌ದು.

ಯಾವ ಒಡವೆ ಬಂದರೂ ಮೊದಲು ಮಗುಚಿ ಬೆನ್ನು ನೋಡುತ್ತಿದ್ದರು. "ಮುಂದಿನದು ಅಕ್ಕಸಾಲಿ ಗಿರಾಕಿಗೆ ಮಾಡಿರ್ತಾನೆ. ಹಿಂದೆ ನೋಡು, ಅಲ್ಲಿ ಅವನೇ ಕೂತಿರ್ತಾನೆ."

ಒಮ್ಮೆ ಡ್ರಾಗನ್ ಇದ್ದ, ಎದೆಗೆ ಚುಚ್ಚುವ ಫ್ರೆಂಚ್ ಬ್ರೂಚ್ ಬಂತು. ಅದು ಚೀನಾದ ಡ್ರಾಗನ್ನೇ ಅಲ್ಲವೆಂದು ಮೇಡಂ ಬಿದ್ದುಬಿದ್ದು ನಕ್ಕರು. "ದಿಸ್ ಡ್ರಾಗನ್ ಓನ್ಲಿ ಈಟ್ ಬ್ರೆಡ್ ಲಾ!"

"ಮನೇಲಿ ಸಾಕಿದ ನಾಯಿ ನೋಡ್ಕೊಂಡು ಮಾಡಿದಾನೆ," ಎಂದರು ಅಂಕಲ್, ನನ್ನ ಕಡೆ ತಿರುಗಿ. "ನಕಲು ಮಾಡೋನು ಎಲ್ಲಿ ಜಾರ್ತಾನೋ ಅಲ್ಲೇ ಸಿಕ್ಕಿಬೀಳ್ತಾನೆ. ನೀನೂ ಹುಷಾರು ಕಣೋ."

ಆ ವರ್ಷದ ಯುಗಾದಿಗೆ ನಮ್ಮ ಬ್ಲಾಕಿನ ತೆರೆದ ನೆಲಮಹಡಿ, ವಾಯ್ಡ್ ಡೆಕ್‌ನಲ್ಲಿ ಸೇರಿದ್ದೆವು. ಮೇಡಂ ಅತಿಥಿ. ನಾನು ಅಂಕಲ್ ಹೆಂಡತಿ, ಆಂಟಿಯ ಕಾಡಿಗೆ ತೆಗೆದುಕೊಂಡು ಎಡಗಣ್ಣಿನ ಸುತ್ತ ಉಂಗುರ ಬರೆದೆ, ಬೆನ್ನು ಬಗ್ಗಿಸಿದೆ, ಎಲೆಯ ಮೇಲಿನ ಒಬ್ಬಟ್ಟನ್ನು ಮಗುಚಿ, "ಹಿಂದೆ ನೋಡು, ಅಲ್ಲಿ ಅವನೇ ಕೂತಿರ್ತಾನೆ" ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಂಕಲ್.

ಮೇಡಂ ನಗಲಿಲ್ಲ. "ರಾಂಗ್ ಸೈಡ್. ಹಿ ಯೂಸ್ ರೈಟ್ ಐ."

ನನ್ನ ನಕಲಿನ ಕಸುಬಿಗೇ ಅವಮಾನ! "ನೋ ಮೇಡಂ, ಲೆಫ್ಟ್. ದೀಪಾವಳಿಯಿಂದ ಲೆಫ್ಟೇ. ನಾನು ನೋಡಿದೀನಿ," ಎಂದು ಇಂಗ್ಲಿಷಿನಲ್ಲಿ ಕೊಚ್ಚಿಕೊಂಡೆ.

ಅಂಕಲ್ ನಗು ನಿಂತಿತು. ಆಮೇಲೆ ಗೊತ್ತಾಯಿತು, ಬಲಗಣ್ಣು ಮಂಜಾಗಿ ಆರು ತಿಂಗಳಾಗಿತ್ತು. ಆಂಟಿಗೂ ಹೇಳಿರಲಿಲ್ಲ. ಗೊತ್ತಾದರೆ ಆ ಮೇಜಿನಿಂದ ಎಬ್ಬಿಸುತ್ತಾರೆ ಎಂಬ ಒಂದೇ ಭಯ. ಅಷ್ಟು ಕಾಪಾಡಿದ್ದನ್ನು ನಾನು ಕಾಡಿಗೆಯಲ್ಲಿ ಬರೆದು ತೋರಿಸಿದ್ದೆ.

ಮಾರನೆಯ ಬೆಳಿಗ್ಗೆ ಮೇಡಂ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕಣ್ಣಿನೊಳಗಿನ ಒತ್ತಡವಂತೆ. ಬಲಗಣ್ಣು ಇನ್ನು ಬರುವುದಿಲ್ಲ. ತಡಮಾಡಿದ್ದರೆ ಎಡಗಣ್ಣೂ ಹೋಗುತ್ತಿತ್ತು, ಎಂದರು ಡಾಕ್ಟರು. ಕಲ್ಲು ಕೂರಿಸುವ ಕೆಲಸ ಬೇರೆಯವರಿಗೆ ಹೋಯಿತು. ಎನಾಮೆಲ್ಲೂ ಮೇಜೂ ಅಂಕಲ್‌ಗೇ ಉಳಿದವು.

ನಾನು ಅವರ ಮನೆಗೆ ಹೋಗಿ, "ಸಾರಿ ಅಂಕಲ್" ಎಂದೆ. ಆಂಟಿ ಅವರ ಕಣ್ಣಿಗೆ ಔಷಧಿಯ ಹನಿ ಹಾಕುತ್ತಿದ್ದರು.

"ಉಂಗುರ ಸರಿಯಾಗೇ ಬರ್ದಿದ್ದೆ," ಎಂದರು ಅಂಕಲ್, ಕಣ್ಣು ಮುಚ್ಚಿಕೊಂಡೇ. "ಆದ್ರೆ ನಂಗೆ ಅಷ್ಟು ಗೂನಿಲ್ಲ. ಅದು ನಿಂದು."

ಥ್ಯಾಂಕ್ಸ್ ಅನ್ನಲಿಲ್ಲ. ಬೈಯಲೂ ಇಲ್ಲ. ಶನಿವಾರದ ಎಸಿ ಮುಂದುವರಿಯಿತು.

ಹೋದ ವರ್ಷ ಅಂಕಲ್ ತೀರಿಕೊಂಡರು, ಹೃದಯಾಘಾತ. ಹಿಂದಿನ ದಿನವೂ ಕೆಲಸಕ್ಕೆ ಹೋಗಿದ್ದರು. ಹದಿಮೂರನೆಯ ದಿನ ಊಟವಾದ ಮೇಲೆ ಆಂಟಿ ಒಳಗಿನಿಂದ ಕಾಡಿಗೆ ಡಬ್ಬಿ ತಂದು ನನ್ನ ಮುಂದಿಟ್ಟರು.

"ಒಂದ್ಸಲ ಮಾಡಿ ತೋರ್ಸೋ."

"ಯಾವ ಕಣ್ಣು ಆಂಟಿ?"

"ಮೊದಲಿಂದು."

ಬಲಗಣ್ಣಿನ ಸುತ್ತ ಬರೆದುಕೊಂಡೆ. ಬೆನ್ನು ನೆಟ್ಟಗೆ ಮಾಡಿ ಕೂತು, ಡಬ್ಬಿಯನ್ನು ಮಗುಚಿ, ಅದರ ಹಿಂಭಾಗ ನೋಡಿದೆ.

ಮೇಡಂ ತಲೆ ತಗ್ಗಿಸಿ ಕೂತಿದ್ದರು. ಆಂಟಿ ಮಾತ್ರ ನನ್ನ ಬೆನ್ನು ನೋಡಿ, "ಗೂನು ಈಗ ಸರಿಹೋಗಿದೆ," ಎಂದರು.