ಕಾಕಾ ಕೂತರೆ ನಿಲ್ಲದ ಪಿಟಿಒ

ನಮ್ಮ ಮನೆಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ಅಪ್ಪನ ಕೆಮ್ಮು, ಅವ್ವ ಫೋನಿನಲ್ಲಿ ಕೂಗುವ ರೀತಿ, ಹುನಗುಂದ ಬಸ್ಸಿನ ಕಂಡಕ್ಟರನ ಸೀಟಿ, ಕನ್ನಡಿ ಮುಂದೆ ಅರ್ಧ ತಾಸು ಕೂದಲು ತೀಡುವ ನಾನು, ಎಲ್ಲರೂ ನನ್ನ ಚೀಲದಲ್ಲಿದ್ದಾರೆ. ಈ ವಿದ್ಯೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಒಮ್ಮೆ ಮಾತ್ರ, ಕಡಲೆ ರಾಶಿಯ ದಿನಗಳಲ್ಲಿ.

ಟ್ರ್ಯಾಕ್ಟರಿನ ಬೆನ್ನಿಗೆ ತಿರುಗುವ ದಂಡವೊಂದಿರುತ್ತದೆ, ಪಿಟಿಒ. ಕಾಳು ಬಿಡಿಸುವ ರಾಶಿ ಮಷಿನ್ ಓಡುವುದು ಅದರಿಂದಲೇ. ಕ್ಲಚ್ಚನ್ನು ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ. ತಳ ಮುಟ್ಟುವಂತೆ ತುಳಿದು ಲಿವರ್ ಎಳೆದರೆ ಪಿಟಿಒ ನಿಲ್ಲುತ್ತದೆ. ನಮ್ಮದು ನಿಲ್ಲುವುದನ್ನೇ ಬಿಟ್ಟಿತ್ತು. ಗಾಡಿ ಓಡಿಸುವ ಕಾಕಾ, ಅಪ್ಪನ ತಮ್ಮ, ಎಷ್ಟು ಜಗ್ಗಿದರೂ ಲಿವರ್ ಬರುತ್ತಿರಲಿಲ್ಲ. ಒಂದು ಮುಂಜಾನೆ ಮಷಿನ್ನಿಗೆ ಹೊಟ್ಟು ಸಿಕ್ಕಿಕೊಂಡಿತು. ಕಾಕಾ ಎಂಜಿನ್ ಬಂದ್ ಮಾಡುವಷ್ಟರಲ್ಲಿ ಬೆಲ್ಟ್ ಹರಿಯಿತು.

"ತಮ್ಮಾ, ಇವತ್ತ ಬೆಲ್ಟ್ ಹೋತು, ನಾಳಿ ಯಾರದರ ಕೈ ಹೋಗ್ತೈತಿ," ಎಂದ ಅಪ್ಪ. "ನಿನಗ ಆಗವಲ್ದಂದ್ರ ಇಳಿ. ಮರೋಳದಿಂದ ಡ್ರೈವರ್ ಕರಸ್ತೇನಿ."

ಟ್ರ್ಯಾಕ್ಟರ್ ಮನೆಗೆ ಬಂದಾಗಿನಿಂದ ಆ ಸೀಟು ಕಾಕಾನದು. ಮದುವೆಮನೆಯ ಖುರ್ಚಿಯಲ್ಲಿ ಕೂತರೂ ಅವನ ಎಡಗಾಲು ಕ್ಲಚ್ ಹುಡುಕುತ್ತದೆ.

ಅಮೀನಗಡದಿಂದ ಮಿಸ್ತ್ರಿ ಬಂದ. ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿಟ್ಟ ಕಂಬಳಿಯನ್ನು ಹಣೆಗೊತ್ತಿಕೊಂಡು ನನ್ನ ಕೈಗಿಟ್ಟ. ಬೀರಪ್ಪನ ಗುಡಿಯ ಪೂಜಾರಿ ಆ ವರ್ಷವಷ್ಟೇ ಕಾಕಾನಿಗೆ ಹೊದಿಸಿದ ಕಂಬಳಿ ಅದು. ಬೇರೆ ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಮಿಸ್ತ್ರಿ ಕೂತ, ತುಳಿದ, ಎಳೆದ. ಲಿವರ್ ಸಲೀಸಾಗಿ ಬಂತು. ಕೆಳಗಿಳಿದು ಕಂಬಳಿಯನ್ನು ಇದ್ದಂತೆ ಇಡಿಸಿದ. ಕಾಕಾ ಹತ್ತಿ ಎಳೆದ. ಬರಲಿಲ್ಲ.

"ಗಾಡಿ ಸುದ್ದ ಐತ್ರಿ ಯಜಮಾನ್ರ," ಎಂದು ಮಿಸ್ತ್ರಿ ಅಪ್ಪನ ಕಡೆ ತಿರುಗಿ ನಕ್ಕ. "ಡ್ರೈವರನ್ನ ಬಿಚ್ಚಿ ನೋಡ್ಬೇಕು."

ಕಾಕಾ ಎಂಜಿನ್ ಬಂದ್ ಮಾಡಿ, ಇಳಿದು, ನೀರಿನ ಕೊಡದ ಕಡೆ ನಡೆದ. ಅಪ್ಪ ಜೇಬಿನಿಂದ ಫೋನ್ ತೆಗೆದ.

ಇಂಥ ಹೊತ್ತಿನಲ್ಲೇ ನನಗೆ ಹುಚ್ಚು ಕೆದರುವುದು. ತಲೆಗೆ ಟವೆಲ್ ಸುತ್ತಿ, ಬೆನ್ನು ಸೆಟೆದು, ಮಿಸ್ತ್ರಿಯನ್ನು ನಗಿಸಲೆಂದು ಕಾಕಾನಾಗಿ ಸೀಟಿನಲ್ಲಿ ಕೂತೆ. ಅಣಕು ಅರ್ಧಂಬರ್ಧ ಆಗಬಾರದಲ್ಲ, ಕಂಬಳಿಯ ಮೇಲೆಯೇ ಕೂತೆ. ಎತ್ತರದಲ್ಲಿ ನಾವಿಬ್ಬರೂ ಒಂದೇ ಅಚ್ಚು, ಕುಳ್ಳರು. ಅಷ್ಟರ ಮಟ್ಟಿಗೆ ದೇವರೇ ನನ್ನನ್ನು ಅಣಕಿಸಿದ್ದಾನೆ.

"ಇಳೀಲೇ ಮಂಗ್ಯಾ! ಅದು ದೇವರ ಕಂಬಳಿ!" ಕಾಕಾ ತಂಬಿಗೆ ಹಿಡಿದೇ ಓಡಿಬಂದ.

ನಾನು ಇಳಿಯಲಿಲ್ಲ. ಕ್ಲಚ್ ತುಳಿದಿದ್ದ ನನ್ನ ಕಾಲು ಪೂರ್ತಿ ಚಾಚಿ ಮುಗಿದಿತ್ತು. ಪೆಡಲ್ಲಿಗೂ ತಳಕ್ಕೂ ನಡುವೆ ಇನ್ನೂ ನಾಲ್ಕು ಬೆರಳು ಜಾಗವಿತ್ತು.

"ಕಾಕಾ, ಇಲ್ಲಿ ನೋಡು. ಬೀರಪ್ಪ ನಿನ್ನ ಎತ್ತರಕ್ಕ ಏರಿಸ್ಯಾನ, ಕಾಲು ಉದ್ದ ಮಾಡೋದು ಮರತಾನ."

ಮಿಸ್ತ್ರಿ ಬಗ್ಗಿ ನೋಡಿ ತಲೆ ಚಚ್ಚಿಕೊಂಡ. ಪರೀಕ್ಷೆ ಮಾಡುವಾಗ ಭಕ್ತಿಯಿಂದ ತಪ್ಪಿನ ಮೂಲವನ್ನೇ ಎತ್ತಿ ನನ್ನ ಕೈಗಿಟ್ಟಿದ್ದ. ಕಾಕಾನಿಗೋ, ಅರ್ಧಕ್ಕೇ ಗಾಡಿ ನಿಲ್ಲುತ್ತಿತ್ತಾದ್ದರಿಂದ ಪೂರ್ತಿ ತುಳಿದೆನೆಂಬ ಭರವಸೆ.

ನನ್ನನ್ನು ಇಳಿಸಿ, ಕಂಬಳಿ ತೆಗೆದು ನನ್ನ ಕೈಗೆ ಕೊಟ್ಟು ಕಾಕಾ ಕೂತ. ಎಂಜಿನ್ ಚಾಲೂ ಮಾಡಿ ತುಳಿದು ಎಳೆದ. ದಂಡ ನಿಂತಿತು. ಅವನು ಲಿವರ್ ನೋಡಲಿಲ್ಲ, ಅಪ್ಪನನ್ನು ನೋಡಿದ. ಅಪ್ಪ ಫೋನ್ ಜೇಬಿಗಿಳಿಸಿ, "ಹುನಗುಂದಕ್ಕ ಹೋಗಿ ಬೆಲ್ಟ್ ತರ್ತೇನಿ, ಇಳೀಬ್ಯಾಡ ನೀ," ಎಂದ.

ಕಂಬಳಿಯನ್ನು ಬೇವಿನ ಗಿಡಕ್ಕೆ ಹಾಕುತ್ತೇನೆಂದೆ.

"ದೇವರ ಕಂಬಳಿ ಏನ್ ತೊಳದ ಬಟ್ಟೇನ್ಲೇ ಒಣಹಾಕಾಕ? ನೆಲಕ್ಕೂ ಇಡಬ್ಯಾಡ. ದಂಡದ ಹತ್ರಾನೂ ಬರಬ್ಯಾಡ. ಹೊತ್ಕೊಂಡು ದೂರ ನಿಲ್ಲು," ಎಂದ ಕಾಕಾ.

ರಾಶಿ ಮುಗಿಯುವವರೆಗೂ ಆ ಬಿಸಿಲಲ್ಲಿ ಕಂಬಳಿ ಹೊತ್ತು ನಿಂತೆ. ಕಾಕಾ ಸೀಟಿನ ಮೇಲಿಂದಲೇ ಹೆಗಲು ಜೋಲಿಸಿ, ಬಾಯಿ ತೆರೆದು, ಬೆವರು ಒರೆಸಿಕೊಳ್ಳುವ ನನ್ನನ್ನು ಆಳುಗಳಿಗೆಲ್ಲ ಮಾಡಿ ತೋರಿಸುತ್ತಿದ್ದ. ಖರೆ ಹೇಳಬೇಕೆಂದರೆ, ಚೆನ್ನಾಗಿಯೇ ಮಾಡುತ್ತಿದ್ದ.