ಕಿವಿಯಲ್ಲಿದ್ದ ಹೊಲಿಗೆ

ಆ ಮನೆಗೆ ಇಬ್ಬರು ಸೊಸೆಯರು. ಬೀದಿಯವರ ಬಾಯಲ್ಲಿ ಒಬ್ಬಳು ದೊಡ್ಡಾಕೆ, ಅವಳ ವಾರಗಿತ್ತಿ ಸಣ್ಣಾಕೆ. ಗಾಜಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅಣ್ಣತಮ್ಮಂದಿರಿಬ್ಬರೂ ಬೆಳಗಾದರೆ ಕೆಲಸ ಹುಡುಕಿಕೊಂಡು ಹೋಗಿ, ಸಂಜೆಗೆ ಚಪ್ಪಲಿ ಸವೆಸಿಕೊಂಡು ಬರುತ್ತಿದ್ದರು. ಮನೆಯ ಒಲೆ ಉರಿಯುತ್ತಿದ್ದದ್ದು ಅತ್ತೆಯ ಹೊಲಿಗೆ ಯಂತ್ರದಿಂದ. ಆಸ್ಪತ್ರೆಯಲ್ಲಿ ರೋಗಿಗಳಿಗೆ ತೊಡಿಸುವ ನೀಲಿ ಅಂಗಿಗಳನ್ನು ಅವರು ಹೊಲಿದುಕೊಡುತ್ತಿದ್ದರು.

ಆ ವರ್ಷ ಅತ್ತೆಯ ಕಣ್ಣಿಗೆ ಪೊರೆ ಬಂತು. ಕಿವಿ ಮೊದಲೇ ಮಂದ. ಕ್ರಿಸ್ತನ ಹುಟ್ಟಿಗಾಗಿ ಕಾಯುವ ಆಗಮನ ಕಾಲದ ಮೊದಲ ಭಾನುವಾರ, ಇಗರ್ಜಿಯಿಂದ ಬಂದವರೇ ಮಂಚದ ಮೇಲೆ ಕೂತು, ದಿಂಬಿನಡಿಯಿಂದ ಯಂತ್ರದ ಮುಚ್ಚಳದ ಕೀಲಿ ತೆಗೆದರು. ದೊಡ್ಡಾಕೆ ಕೈ ಒರೆಸಿಕೊಂಡು ಹತ್ತಿರ ಹೋಗಿ ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳ ಕಣ್ಣು ಆ ಕೀಲಿಯ ಮೇಲೆ.

"ಸಣ್ಣೋಳೇ, ಬಾ ಇಲ್ಲಿ. ನಿನ್ನ ಕಣ್ಣು ಚುರುಕು. ಇನ್ಮೇಲೆ ಇದು ನಿಂದು" ಎಂದರು ಅತ್ತೆ.

"ನನಗ್ಯಾಕತ್ತೆ? ಅಕ್ಕ ಇದಾರಲ್ಲ."

"ಅವಳು ಅಡಿಗೆಮನೆ ಬಿಟ್ಟು ಬಂದ್ರೆ ನಾವೆಲ್ಲ ಉಪವಾಸ ಬೀಳ್ತೀವಿ. ಅವಳ ಕೈ ಅಲ್ಲೇ ಇರ್ಲಿ."

ಹೊಗಳಿದ ಹಾಗೇ ಹೇಳಿದರು. "ಒಳ್ಳೇದಾಯ್ತು ಬಿಡಿ" ಎಂದು ನಕ್ಕು ಒಳಗೆ ಹೋದ ದೊಡ್ಡಾಕೆ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಆ ಮನೆಯಲ್ಲೊಂದು ಪದ್ಧತಿ. ಆಗಮನ ಕಾಲ ಶುರುವಾದ ದಿನ ಬಾಲಯೇಸುವನ್ನು ಮಲಗಿಸುವ ಗೋದಲಿ ಎಂಬ ಪುಟ್ಟ ಮೇವಿನ ತೊಟ್ಟಿಯನ್ನು ಬರಿದಾಗಿ ತಂದಿಡುವುದು. ಯಾರಿಗೂ ಗೊತ್ತಾಗದ ಹಾಗೆ ಒಂದು ಒಳ್ಳೆಯ ಕೆಲಸ ಮಾಡಿದವರು ಅದಕ್ಕೊಂದು ಹುಲ್ಲುಕಡ್ಡಿ ಹಾಕಬೇಕು. ಕೂಸು ಬರುವ ಹೊತ್ತಿಗೆ ಹಾಸಿಗೆ ಮೆತ್ತಗಾಗಿರಬೇಕು. ಈ ವಿಷಯದಲ್ಲಿ ದೊಡ್ಡಾಕೆ ಬಲು ಧಾರಾಳಿ. ಅತ್ತೆಯ ತಲೆ ಬಾಚಿದರೊಂದು ಕಡ್ಡಿ, ಮೈದುನನ ಅಂಗಿ ಒಗೆದರೊಂದು ಕಡ್ಡಿ. ವಾರಗಿತ್ತಿಯನ್ನು ಬೈಯಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡರೆ ಅದಕ್ಕೂ ಒಂದು.

ಸಣ್ಣಾಕೆ ಯಂತ್ರದ ಮುಂದೆ ಕೂತಳು. ಒಲೆಯ ಮುಂದೆ ಕೂತ ದೊಡ್ಡಾಕೆಗೆ ಎರಡನೆಯ ವಾರವೇ ಗೊತ್ತಾಯಿತು, ಏನೋ ಸರಿಯಿಲ್ಲ ಎಂದು. ಅತ್ತೆ ತುಳಿಯುವಾಗ ಯಂತ್ರದ ಸದ್ದು ಒಂದೇ ಸಮ ಓಡುತ್ತಿತ್ತು, ಹದ ಬಂದ ಅನ್ನ ಕುದಿಯುವ ಹಾಗೆ. ಈಗ ನಡುನಡುವೆ ಬಿಕ್ಕುತ್ತಿತ್ತು. ಕೆಳಗಿನ ದಾರದ ಬಾಬಿನ್ ತಿರುವುಮುರುವಾಗಿ ಕೂತಿದೆ. ಅತ್ತೆಯೇ ಒಮ್ಮೆ ಅವಸರದಲ್ಲಿ ಹಾಗೆ ಕೂರಿಸಿ ದಿನವಿಡೀ ಹೊಲಿದು ಬಿಚ್ಚಿದ್ದರು. ಆವತ್ತಿನ ಸದ್ದು ದೊಡ್ಡಾಕೆಯ ಕಿವಿಯಲ್ಲಿ ಹಾಗೇ ಕೂತಿತ್ತು. ಹೊಲಿಗೆ ಕಣ್ಣಿಗೆ ನೆಟ್ಟಗೆ ಕಾಣುತ್ತದೆ, ಎಳೆದರೆ ಬಿಟ್ಟುಕೊಳ್ಳುತ್ತದೆ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ಚುರುಕು ಕಣ್ಣಿನವಳು, ತಾನೇ ಕಂಡುಕೊಳ್ಳಲಿ ಎಂದುಕೊಂಡಳು. ಯಂತ್ರ ಬಿಕ್ಕಿದಾಗಲೆಲ್ಲ ಅವಳಿಗೆ ಬೆನ್ನು ತುರಿಸಿಕೊಂಡಷ್ಟು ಹಿತ.

ಮೂರನೆಯ ವಾರ ಆಸ್ಪತ್ರೆಯ ಉಗ್ರಾಣದವನು ಗಂಟನ್ನು ವಾಪಸು ತಂದು ನೆಲಕ್ಕೆ ಹಾಕಿದ. "ರೋಗಿ ಕೈಯೆತ್ತಿದ್ರೆ ಕಂಕುಳು ಬಿಟ್ಕೊಳ್ಳತ್ತೆ. ಶನಿವಾರದೊಳಗೆ ಸರಿ ಮಾಡ್ಕೊಡಿ, ಇಲ್ಲಾಂದ್ರೆ ಬೇರೆಯವರು ಇದಾರೆ" ಎಂದ. ಸಣ್ಣಾಕೆ ಬಿಚ್ಚಿ ಬಿಚ್ಚಿ ಮತ್ತೆ ಹೊಲಿದಳು. ಯಂತ್ರ ಮತ್ತೆ ಬಿಕ್ಕಿತು. ದೊಡ್ಡಾಕೆಯ ಹಿತ ಅರ್ಧ ಇಳಿದು ಅರ್ಧ ಭಯವಾಯಿತು. ಕೆಲಸ ಹೋದರೆ ಅವಳ ಪಾತ್ರೆಯೂ ಖಾಲಿಯೇ. ಆದರೂ ಬಾಯಿ ತೆರೆಯಲಿಲ್ಲ. ಹೊಟ್ಟೆಕಿಚ್ಚು ಎಂಬುದು ತನ್ನ ಮನೆಯನ್ನೇ ಸುಟ್ಟು ಚಳಿ ಕಾಯಿಸಿಕೊಳ್ಳುತ್ತದಂತೆ.

ಶುಕ್ರವಾರ ಮಧ್ಯಾಹ್ನ ಯಂತ್ರದ ಸದ್ದು ನಿಂತುಹೋಯಿತು. ದೊಡ್ಡಾಕೆ ಇಣುಕಿ ನೋಡಿದಳು. ಸಣ್ಣಾಕೆ ಗೋದಲಿಯ ಮುಂದೆ ಮಂಡಿಯೂರಿ, ಒಂದೊಂದೇ ಹುಲ್ಲುಕಡ್ಡಿ ಹೊರಗೆ ತೆಗೆಯುತ್ತಿದ್ದಳು. ತಾನು ಅಷ್ಟು ಕಡ್ಡಿ ಹಾಕಿದರೂ ತಳ ತುಂಬದಿರುವುದು ಇದಕ್ಕೇ ಎಂದುಕೊಂಡಳು ದೊಡ್ಡಾಕೆ.

"ಏನೇ ಕಳ್ಳಿ, ಕೂಸಿನ ಹಾಸಿಗೇನೂ ಬಿಡಲ್ವಾ?"

ಸಣ್ಣಾಕೆ ಬೆಚ್ಚಿದಳು. ಆದರೆ ಕಡ್ಡಿ ಕೆಳಗಿಡಲಿಲ್ಲ. "ನಾನು ಹಾಕಿದ್ದನ್ನೇ ತೆಗೀತಿದೀನಿ ಅಕ್ಕ. ನಿಮ್ಮದು ಮುಟ್ಟಿಲ್ಲ."

"ಹುಲ್ಲಿಗೆ ಹೆಸರು ಬರ್ದಿರತ್ತಾ?"

"ನಂದು ಗಿಡ್ಡಗೆ ಮುರ್ದು ಹಾಕ್ತೀನಿ." ಇನ್ನೊಂದು ಕಡ್ಡಿ ಹೊರಗೆ ತೆಗೆದಳು. "ನಿಮ್ಮನ್ನ ಕಂಡು ಹೊಟ್ಟೆ ಉರ್ದಾಗ ಒಂದೊಂದು ವಾಪಸ್ ತಗೋತೀನಿ."

"ನನ್ನನ್ನ ಕಂಡಾ? ನನ್ನ ಹತ್ರ ಏನಿದೆ, ಈ ಸೌಟು ಬಿಟ್ರೆ?"

"ನೀವು ತಲೆ ಬಾಚಿದ್ರೆ ಅತ್ತೆ ಹಾಗೇ ನಿದ್ದೆ ಹೋಗ್ತಾರೆ. ನಾನು ಬಾಚಿದ್ರೆ 'ದೊಡ್ಡೋಳು ಎಲ್ಲಿ?' ಅಂತಾರೆ. ನಿಮ್ಮ ಮೈದುನರೂ ಅಷ್ಟೆ. ಊಟಕ್ಕೆ ಕೂತ್ರೆ 'ಅತ್ತಿಗೆ ಮಾಡಿದ್ದಾ?' ಅಂತ ಕೇಳೇ ತುತ್ತು ಎತ್ತೋದು. ಕೀಲಿ ಕೊಟ್ಟಾಗ, ಇನ್ನಾದ್ರೂ ನನ್ನನ್ನೂ ಕೇಳ್ತಾರೆ ಅನ್ಕೊಂಡೆ. ಅದನ್ನೂ ಕೆಡಿಸ್ದೆ."

ದೊಡ್ಡಾಕೆ ಅವಳ ಪಕ್ಕದಲ್ಲೇ ಕೂತಳು. ತನ್ನಲ್ಲೂ ಒಬ್ಬರು ಕರುಬುವಂಥದ್ದು ಇದೆ ಎಂದು ಅವಳಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಕೂತವಳಿಗೆ ಹೊರಗಿನಿಂದ ಯಾರೋ ಕಿಟಕಿ ತೆಗೆದ ಹಾಗಾಯಿತು. ಆ ಬೆಳಕಿನಲ್ಲಿ ಮೊದಲು ಕಂಡದ್ದು ಮಾತ್ರ ತಾನು ಬಾಯಿ ಮುಚ್ಚಿಕೊಂಡಿದ್ದ ಅಷ್ಟೂ ದಿನ.

"ಬಾಬಿನ್ ತಿರುವುಮುರುವಾಗಿ ಕೂತಿದೆ ಕಣೇ" ಎಂದಳು, ನೆಲ ನೋಡುತ್ತಾ. "ಹೋದ ವಾರಾನೇ ಗೊತ್ತಿತ್ತು. ಹೇಳ್ಲಿಲ್ಲ."

ಸಣ್ಣಾಕೆ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಬೈಯುತ್ತಾಳೆ ಎಂದು ದೊಡ್ಡಾಕೆ ಕಾದಳು.

"ಹಾಗಿದ್ರೆ ನೀವೇ ಹೊಲೀರಿ" ಎಂದು ಸಣ್ಣಾಕೆ ಎದ್ದು ಬಂದು, ಬಾಬಿನ್ ತಿರುಗಿಸಿ ಕೂರಿಸಿ, ಸ್ಟೂಲು ಎಳೆದುಕೊಟ್ಟಳು.

ದೊಡ್ಡಾಕೆ ಕೂತಳು. ಇಷ್ಟು ವರ್ಷ ಕನಸು ಕಂಡ ಸ್ಟೂಲು. ಪೆಡಲು ತುಳಿದಳು. ಚಕ್ರ ಹಿಂದಕ್ಕೆ ಉರುಳಿ ದಾರ ಕಿತ್ತಿತು. ಮತ್ತೆ ತುಳಿದಳು. ಹೊಲಿಗೆ ಬಟ್ಟೆಯ ಮೇಲೆ ಕುಡಿದವನ ಹಾಗೆ ನಡೆಯಿತು. ಸಣ್ಣಾಕೆ ತುಟಿ ಕಚ್ಚಿ ಹಿಡಿದಿದ್ದ ನಗು ಕೊನೆಗೂ ಬಿಟ್ಟುಕೊಂಡಿತು.

"ನಗ್ಬೇಡ. ಏಳ್ತೀನಿ ತಡಿ."

ಸಣ್ಣಾಕೆ ತುಳಿದಳು, ದೊಡ್ಡಾಕೆ ಪಕ್ಕದಲ್ಲಿ ಕೂತು ಹಳೆಯ ಹೊಲಿಗೆ ಬಿಚ್ಚಿದಳು. ಸದ್ದು ಕೊಂಚ ಕೆಟ್ಟರೂ "ನಿಲ್ಸು" ಎನ್ನುತ್ತಿದ್ದಳು. ಆವತ್ತು ಮನೆಯವರಿಗೆಲ್ಲ ಹಿಂದಿನ ದಿನದ ತಂಗಳೇ ಗತಿ. ಯಾರೂ ಉಪವಾಸ ಬೀಳಲಿಲ್ಲ.

ಶನಿವಾರ ಉಗ್ರಾಣದವನು ಬಂದು ಅಂಗಿಯ ಕಂಕುಳನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದ. "ನಿಮ್ಮ ಕೈ ಕುದುರಿತು ನೋಡಿ" ಎಂದು ಸಣ್ಣಾಕೆಗೆ ಹೇಳಿ ಹೊಸ ಬಟ್ಟೆಯ ಗಂಟು ಇಳಿಸಿದ. ದೊಡ್ಡಾಕೆಗೆ ಆ ಮಾತು ಚುಚ್ಚಿದ್ದು ನಿಜ.

"ಕೈ ಮಾತ್ರ ನಂದು, ಕಿವಿ ಅಕ್ಕಂದು" ಎಂದಳು ಸಣ್ಣಾಕೆ.

ಅವನು ತಲೆಬುಡ ತಿಳಿಯದೆ ಹೊರಟು ನಿಂತ. "ಕೂತ್ಕೊಳ್ಳಿ, ನೀರು ಕುಡ್ಕೊಂಡು ಹೋಗಿ" ಎಂದು ದೊಡ್ಡಾಕೆ ತಡೆದಳು. ಸಣ್ಣಾಕೆ ಆ ಕಿವಿಯ ಮಾತನ್ನು ಅವನಿಗೆ ಬಿಡಿಸಿ ಹೇಳಲಿ ಎಂದು.